ವಿಶ್ವನಾಥ್ ಅವರ ಟೆಸ್ಟ್ ಸರಾಸರಿ ಮತ್ತು ಅವರ ಕಾಲದ ಸರಾಸರಿ

ಗುಂಡಪ್ಪ ರಂಗನಾಥ ವಿಶ್ವನಾಥ್ (ಜನನ: 12 ಫೆಬ್ರುವರಿ 1949, ಭದ್ರಾವತಿ) 1969ರಿಂದ 1983ರವರೆಗೆ ಭಾರತದ ಪರವಾಗಿ 91 ಟೆಸ್ಟ್ ಪಂದ್ಯಗಳನ್ನು ಆಡಿದರು. 155 ಇನಿಂಗ್ಸ್‌ಗಳಲ್ಲಿ 10 ಸಲ ಔಟಾಗದೆ ಉಳಿದು 6080 ರನ್ ಗಳಿಸಿದರು. ಸರಾಸರಿ 41.93, ಶತಕ 14, ಅರ್ಧಶತಕ 35, ಗರಿಷ್ಠ ಮೊತ್ತ 222. ಕ್ರಿಕೆಟ್ ಪ್ರಿಯರ ಬಾಯಲ್ಲಿ ಅವರು ‘ವಿಶಿ’. ಅವರ ಸ್ಕ್ವೇರ್ ಕಟ್ ಮತ್ತು ಲೇಟ್ ಕಟ್, ಮಣಿಕಟ್ಟು ತಿರುಗಿಸಿ ಚೆಂಡನ್ನು ಲೆಗ್ ಬದಿಗೆ ಕಳಿಸುವ ಹೊಡೆತ ಇವುಗಳ ಬಗ್ಗೆ ಬಂದಷ್ಟು ಬರಹ ಅವರ ಸರಾಸರಿಯ ಬಗ್ಗೆ ಬಂದಿಲ್ಲ. ಐವತ್ತು ದಾಟಿದ ಸರಾಸರಿಗಳನ್ನು ಕಂಡು ಬೆಳೆದ ಇಂದಿನ ಓದುಗನಿಗೆ 41.93 ಸಾಧಾರಣವಾಗಿ ತೋರುವುದು ಸಹಜ. ಆ ಅಂಕಿಯನ್ನು ಅದೇ ಕಾಲದಲ್ಲಿ, ಅದೇ ಪಿಚ್‌ಗಳ ಮೇಲೆ, ಅದೇ ಬೌಲರ್‌ಗಳ ಎದುರು ಆಡಿದವರ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಅದರ ನಿಜವಾದ ತೂಕ ತಿಳಿಯುತ್ತದೆ. ಈ ಲೇಖನ ಆ ಹೋಲಿಕೆಯ ಇತಿಹಾಸಕ್ಕೆ ಸಂಬಂಧಿಸಿದ್ದು.

ಅಳತೆಯ ಹಿನ್ನೆಲೆ

ಗಳಿಸಿದ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸಿದರೆ ಬರುವುದು ಕ್ರಿಕೆಟ್‌ನ ಬ್ಯಾಟಿಂಗ್ ಸರಾಸರಿ. ಔಟಾಗದ ಇನಿಂಗ್ಸ್‌ನ ರನ್ ಲೆಕ್ಕಕ್ಕೆ ಸೇರುತ್ತದೆ, ಆ ಇನಿಂಗ್ಸ್ ಭಾಜಕಕ್ಕೆ ಸೇರುವುದಿಲ್ಲ. ಇದೇ ಕಲ್ಪನೆಯನ್ನು ಅಮೆರಿಕದ ಬೇಸ್‌ಬಾಲ್‌ಗೆ ಒಯ್ದವರು ಹೆನ್ರಿ ಚಾಡ್‌ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಹುಡುಗನಾಗಿದ್ದಾಗಲೇ ಬ್ರೂಕ್‌ಲಿನ್‌ಗೆ ಹೋಗಿ ನೆಲೆಸಿದ ಈ ಪತ್ರಕರ್ತರು ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದರು. ಮುಂದೆ ಬೇಸ್‌ಬಾಲ್ ತನ್ನದೇ ದಾರಿ ಹಿಡಿಯಿತು. ಹೊಡೆದ ಚೆಂಡಿಗೆ ಮಾತ್ರ ಬೆಲೆ ಕೊಡುವ ಸರಾಸರಿ ಸಾಲದು, ಔಟಾಗದೆ ಬೇಸ್ ತಲುಪಿದ್ದೆಲ್ಲವೂ ಲೆಕ್ಕಕ್ಕೆ ಬರಬೇಕು ಎಂಬ ವಾದವನ್ನು ಬೇಸ್‌ಬಾಲ್ ಆಡಳಿತಗಾರ ಬ್ರ್ಯಾಂಚ್ ರಿಕಿ 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಮಂಡಿಸಿದರು. ಅಂಕಿಗಳ ಕೆಲಸ ಮಾಡಿದವರು ಆಲನ್ ರಾತ್. ಆ ಅಳತೆಯೇ ಆನ್-ಬೇಸ್ ಪರ್ಸೆಂಟೇಜ್. ಮೇಜರ್ ಲೀಗ್ ಅದನ್ನು ಅಧಿಕೃತವಾಗಿ ಒಪ್ಪಿದ್ದು 1984ರಲ್ಲಿ.

ಅಮೆರಿಕದ ಲೆಕ್ಕಿಗರು ಅಲ್ಲಿಗೆ ನಿಲ್ಲಲಿಲ್ಲ. ಆಟಗಾರನ ಅಂಕಿಯನ್ನು ಅದೇ ವರ್ಷದ ಇಡೀ ಲೀಗ್‌ನ ಸರಾಸರಿಯಿಂದ ಭಾಗಿಸಿ, ಮೈದಾನದ ಗುಣವನ್ನೂ ಸರಿದೂಗಿಸಿ, 100 ಎಂದರೆ ಸಾಧಾರಣ ಆಟಗಾರ ಎಂಬಂತೆ ಬರೆಯುವ ಪದ್ಧತಿಯನ್ನು ಬೆಳೆಸಿದರು. ಇದರಿಂದ 1930ರ ಆಟಗಾರನನ್ನೂ 1968ರ ಆಟಗಾರನನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಲು ಸಾಧ್ಯವಾಯಿತು. ಕ್ರಿಕೆಟ್‌ನಲ್ಲಿ ಇಂಥ ಲೆಕ್ಕ ಹಾಕಿದವರು ಇಲ್ಲದಿಲ್ಲ. ಆದರೂ ಟಿವಿ ಪರದೆಯ ಮೇಲೆ, ದಿನಪತ್ರಿಕೆಯ ಕ್ರೀಡಾಪುಟದಲ್ಲಿ ಕಾಣುವುದು ಇಂದಿಗೂ ಬರಿಯ ಸರಾಸರಿಯೇ. ವಿಶ್ವನಾಥ್‌ಗೆ ಇದರಿಂದ ಆದಷ್ಟು ಅನ್ಯಾಯ ಕರ್ನಾಟಕದ ಬೇರೆ ಯಾವ ಬ್ಯಾಟ್ಸ್‌ಮನ್‌ಗೂ ಆಗಿಲ್ಲ.

ಭದ್ರಾವತಿಯಿಂದ ಕಾನ್ಪುರದವರೆಗೆ

ವಿಶ್ವನಾಥ್ ಹುಟ್ಟಿದಾಗ ಭದ್ರಾವತಿ ಮೈಸೂರು ರಾಜ್ಯದ ದೊಡ್ಡ ಕಾರ್ಖಾನೆ ಊರು. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ, ಭದ್ರಾ ನದಿಯ ದಂಡೆಯ ಮೇಲೆ, 1923ರಿಂದ ಕಬ್ಬಿಣದ ಕಾರ್ಖಾನೆ ನಡೆಯುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಸುತ್ತ ಕಾಗದನಗರ ಬೆಳೆಯಿತು. ಕಾರ್ಖಾನೆ, ಕ್ವಾರ್ಟರ್ಸ್, ಶಿಫ್ಟಿನ ಸೈರನ್ನು ಇವುಗಳ ಲಯಕ್ಕೆ ಬದುಕಿದ ಊರು ಅದು. ವಿಶ್ವನಾಥ್ ಕ್ರಿಕೆಟ್ ಕಲಿತು ಬೆಳೆದದ್ದು ಬೆಂಗಳೂರಿನಲ್ಲಿ. ಆದರೂ ಭದ್ರಾವತಿಯ ಜನ ಅವರನ್ನು ನಮ್ಮೂರಿನವರು ಎಂದೇ ಹೇಳಿಕೊಳ್ಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

1967–68ರ ಋತುವಿನಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಮೈಸೂರು ಪರವಾಗಿ ಮೊದಲ ರಣಜಿ ಪಂದ್ಯ ಆಡಿದ ವಿಶ್ವನಾಥ್ 230 ರನ್ ಹೊಡೆದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಇಳಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ 137ರಲ್ಲಿ 25 ಬೌಂಡರಿಗಳಿದ್ದವು. ಎಂದರೆ ನೂರು ರನ್ ಓಡದೆಯೇ ಬಂದದ್ದು. ಸೊನ್ನೆಯ ನಂತರವೂ ನಾಯಕ ಪಟೌಡಿ ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಜೀವನವಿಡೀ ನೆನೆದಿದ್ದಾರೆ.

ಜೊತೆಗಾರರ ನಡುವೆ 41.93

ಎಪ್ಪತ್ತರ ದಶಕದ ಟೆಸ್ಟ್ ಕ್ರಿಕೆಟ್‌ನಲ್ಲಿ ಒಂದು ವಿಕೆಟ್‌ಗೆ ಬರುತ್ತಿದ್ದ ರನ್ ಮೂವತ್ತರ ಆಚೀಚೆ. ಇದರಲ್ಲಿ ಹತ್ತನೆಯ, ಹನ್ನೊಂದನೆಯ ಕ್ರಮಾಂಕದವರೂ ಸೇರಿರುವುದರಿಂದ ನಾಲ್ಕನೆಯ ಕ್ರಮಾಂಕದವರನ್ನು ಅದರ ಎದುರು ಇಡುವುದು ಪೂರ್ತಿ ಸರಿಯಲ್ಲ. ಅದಕ್ಕಿಂತ ನ್ಯಾಯವಾದ ಹೋಲಿಕೆ ಅದೇ ಡ್ರೆಸ್ಸಿಂಗ್ ರೂಮಿನಿಂದ ಪ್ಯಾಡ್ ಕಟ್ಟಿ ಹೊರಬಂದ ಭಾರತೀಯ ಬ್ಯಾಟ್ಸ್‌ಮನ್‌ಗಳ ಜೊತೆಗಿನದು.

ಅಜಿತ್ ವಾಡೇಕರ್ 37 ಟೆಸ್ಟ್‌ಗಳಲ್ಲಿ 31.07. ಫಾರೂಖ್ ಇಂಜಿನಿಯರ್ 31.08. ಗಾವಸ್ಕರ್ ಜೊತೆ ವರ್ಷಗಟ್ಟಲೆ ಇನಿಂಗ್ಸ್ ಆರಂಭಿಸಿದ ಚೇತನ್ ಚೌಹಾಣ್ 31.57. ಅಂಶುಮಾನ್ ಗಾಯಕ್ವಾಡ್ 30.07. ಕರ್ನಾಟಕದವರೇ ಆದ ಬ್ರಿಜೇಶ್ ಪಟೇಲ್ 29.45. ಪಟೌಡಿ 34.91, ಯಶ್‌ಪಾಲ್ ಶರ್ಮ 33.45. ಇವರಾರೂ ಸಣ್ಣ ಆಟಗಾರರಲ್ಲ. ದೇಶದಲ್ಲಿ ಆಯ್ದು ತೆಗೆದ ಉತ್ತಮರೇ. ಈ ಗುಂಪಿನ ನಡುವೆ 41.93 ಎಂದರೆ ಸುಮಾರು ಹತ್ತು ರನ್ ಮೇಲೆ. ಬೇಸ್‌ಬಾಲ್ ಲೆಕ್ಕಿಗರ ಪದ್ಧತಿಯಂತೆ ಜೊತೆಗಾರರ ಸರಾಸರಿಯನ್ನು 100 ಎಂದು ಹಿಡಿದರೆ ವಿಶ್ವನಾಥ್ 130ರ ಸುತ್ತಮುತ್ತ ನಿಲ್ಲುತ್ತಾರೆ. ಅವರಿಗಿಂತ ಬಹಳ ಮೇಲಿದ್ದವರು ಒಬ್ಬರೇ: 51.12ರ ಸುನಿಲ್ ಗಾವಸ್ಕರ್. ಮೊಹಿಂದರ್ ಅಮರ್‌ನಾಥ್ (42.50) ಮತ್ತು ದಿಲೀಪ್ ವೆಂಗ್‌ಸರ್ಕರ್ (42.13) ಕೂದಲೆಳೆಯಷ್ಟು ಮುಂದಿದ್ದಾರೆ. ಅವರಿಬ್ಬರೂ ವಿಶ್ವನಾಥ್ ನಿರ್ಗಮಿಸಿದ ಮೇಲೂ ಹಲವು ವರ್ಷ ಆಡಿದವರು.

ಇನ್ನೊಂದು ಹೋಲಿಕೆ ಇದಕ್ಕಿಂತಲೂ ಗಟ್ಟಿಯಾದದ್ದು. ಪ್ರಥಮದರ್ಜೆ ಕ್ರಿಕೆಟ್‌ನಲ್ಲಿ ಚೆನ್ನಾಗಿ ಆಡಿದವರ ಸರಾಸರಿ ಟೆಸ್ಟ್‌ಗೆ ಬಂದಾಗ ಇಳಿಯುವುದು ಸಾಮಾನ್ಯ. ವಾಡೇಕರ್ ಅವರದು 47ರಿಂದ 31ಕ್ಕೆ ಇಳಿಯಿತು. ಚೌಹಾಣ್ ಅವರದು 40ರಿಂದ 31ಕ್ಕೆ. ಬ್ರಿಜೇಶ್ ಪಟೇಲ್ ಅವರದು 43ಕ್ಕೂ ಮೇಲಿನಿಂದ 29ಕ್ಕೆ. ವಿಶ್ವನಾಥ್ 308 ಪ್ರಥಮದರ್ಜೆ ಪಂದ್ಯಗಳಲ್ಲಿ 44 ಶತಕಗಳೊಂದಿಗೆ 17,970 ರನ್ ಗಳಿಸಿದರು, ಸರಾಸರಿ 40.93. ಟೆಸ್ಟ್ ಸರಾಸರಿ ಅದಕ್ಕಿಂತ ಒಂದು ರನ್ ಹೆಚ್ಚು! ಎದುರಾಳಿ ಬಲಗೊಂಡಷ್ಟೂ ಆಟ ಕುಗ್ಗದೆ ನಿಂತದ್ದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ದೇಶೀಯ ಕ್ರಿಕೆಟ್‌ನಲ್ಲಿ ಅವರು ಮೈಮರೆತು ಆಡಿದರೆಂದು ಇದರ ಅರ್ಥವಲ್ಲ. ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆಯನ್ನು 1973–74ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಹಿಂದಿಕ್ಕಿದಾಗ ವಿಶ್ವನಾಥ್ ಹೊಡೆದದ್ದು 162, ಪಟೇಲ್ 106. 1977–78ರ ಫೈನಲ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ಅವರು ಗಳಿಸಿದ 247 ಅವರ ಪ್ರಥಮದರ್ಜೆ ಬಾಳಿನ ಗರಿಷ್ಠ ಮೊತ್ತ.

1974–75ರ ಸರಣಿ

ಕ್ಲೈವ್ ಲಾಯ್ಡ್ ನಾಯಕತ್ವದ ವೆಸ್ಟ್ ಇಂಡೀಸ್ 1974ರ ನವೆಂಬರಿನಲ್ಲಿ ಭಾರತಕ್ಕೆ ಬಂತು. ಮೊದಲ ಟೆಸ್ಟ್ ಬೆಂಗಳೂರಿನಲ್ಲಿ. ನಗರಕ್ಕೆ ಅದೇ ಮೊದಲ ಟೆಸ್ಟ್. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಟೆಸ್ಟ್ ಪ್ರವೇಶ ಮಾಡಿದ್ದೂ ಅಲ್ಲೇ. ಅವರ ವೇಗಿ ಆಂಡಿ ರಾಬರ್ಟ್ಸ್ ಐದು ಟೆಸ್ಟ್‌ಗಳಲ್ಲಿ 32 ವಿಕೆಟ್ ಕಿತ್ತರು. ಗಾಯಗೊಂಡ ಗಾವಸ್ಕರ್ ಮೊದಲ ಮತ್ತು ಕೊನೆಯ ಟೆಸ್ಟ್ ಮಾತ್ರ ಆಡಿದರು.

ವಿಶ್ವನಾಥ್ ಅವರ ಹತ್ತು ಇನಿಂಗ್ಸ್‌ಗಳು ಹೀಗಿವೆ: ಬೆಂಗಳೂರಿನಲ್ಲಿ 29 ಮತ್ತು 22, ದೆಹಲಿಯಲ್ಲಿ 32 ಮತ್ತು 39, ಕಲ್ಕತ್ತದಲ್ಲಿ 52 ಮತ್ತು 139, ಮದರಾಸಿನಲ್ಲಿ ಅಜೇಯ 97 ಮತ್ತು 46, ಬಾಂಬೆಯಲ್ಲಿ 95 ಮತ್ತು 17. ಒಟ್ಟು 568, ಸರಾಸರಿ 63.11. ಒಂದೇ ಒಂದು ಸಲ ಇಪ್ಪತ್ತಕ್ಕಿಂತ ಕೆಳಗೆ.

ಅದೇ ಹತ್ತು ಇನಿಂಗ್ಸ್‌ಗಳಲ್ಲಿ ಭಾರತ ತಂಡ ಗಳಿಸಿದ ಒಟ್ಟು ರನ್ 2457. ವಿಶ್ವನಾಥ್ ಅವರ 568ನ್ನು ಕಳೆದರೆ, ಇತರೆ ರನ್ನುಗಳನ್ನೂ ಸೇರಿಸಿ, ಉಳಿದವರೆಲ್ಲರ ಪಾಲಿಗೆ 1889. ಅದು ವಿಕೆಟ್‌ಗೆ ಸುಮಾರು 21. ಎಂದರೆ ಒಂದೇ ಬೌಲಿಂಗ್ ಎದುರು, ಒಂದೇ ಪಿಚ್‌ಗಳಲ್ಲಿ, ವಿಶ್ವನಾಥ್ ತಮ್ಮ ತಂಡದ ಉಳಿದವರ ಸರಾಸರಿಯ ಮೂರು ಪಟ್ಟು ಆಡಿದರು. ಬೇಸ್‌ಬಾಲ್ ಭಾಷೆಯಲ್ಲಿ ಬರೆದರೆ 300ರ ಅಂಕಿ. ಈ ಸರಣಿಯನ್ನು ಭಾರತೀಯ ಬ್ಯಾಟಿಂಗ್‌ನ ಅತ್ಯುನ್ನತ ಸರಣಿಗಳ ಸಾಲಿನಲ್ಲಿ ಇಡದ ಪಟ್ಟಿ ನಂಬಲರ್ಹವಲ್ಲ ಎಂದು ಹೇಳಲು ಹಿಂಜರಿಯಬೇಕಿಲ್ಲ.

ಮದರಾಸಿನ ಅಜೇಯ 97 ಈ ಮಾತಿಗೆ ತಿರುಳು. 1975ರ ಜನವರಿಯಲ್ಲಿ ಚೆಪಾಕ್‌ನ ಪುಟಿಯುವ ಪಿಚ್ ಮೇಲೆ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಪಡೆದು ಭಾರತವನ್ನು 190ಕ್ಕೆ ಮುಗಿಸಿದರು. ಅರ್ಧಕ್ಕಿಂತ ಹೆಚ್ಚು ರನ್ ವಿಶ್ವನಾಥ್ ಅವರದು. ಬೇಡಿ, ಚಂದ್ರಶೇಖರ್ ಅಂಥವರನ್ನು ಜೊತೆಗಿಟ್ಟುಕೊಂಡು, ಹೆಚ್ಚಿನ ಚೆಂಡುಗಳನ್ನು ತಾವೇ ಎದುರಿಸುತ್ತ, ರಾಬರ್ಟ್ಸ್ ಅವರನ್ನು ಕಟ್ ಮಾಡಿ, ಡ್ರೈವ್ ಮಾಡಿ ಮುಂದುವರಿದರು. ಚಂದ್ರಶೇಖರ್ ಔಟಾದಾಗ ಶತಕಕ್ಕೆ ಬೇಕಿದ್ದದ್ದು ಮೂರು ರನ್. ಭಾರತ ಆ ಪಂದ್ಯವನ್ನು 100 ರನ್ನಿನಿಂದ ಗೆದ್ದಿತು. ಕಲ್ಕತ್ತದಲ್ಲಿ 85 ರನ್ನಿನ ಗೆಲುವು ಅದಾಗಲೇ ಬಂದಿತ್ತು. 0–2ರಿಂದ 2–2ಕ್ಕೆ ಬಂದ ಸರಣಿ ಬಾಂಬೆಯಲ್ಲಿ ಕೈತಪ್ಪಿತು. 2001ರಲ್ಲಿ ವಿಸ್ಡನ್ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಇನಿಂಗ್ಸ್‌ಗಳನ್ನು ಲೆಕ್ಕ ಹಾಕಿ ಆರಿಸಿದಾಗ ಈ 97ಕ್ಕೆ 38ನೆಯ ಸ್ಥಾನ ಸಿಕ್ಕಿತು. ಎದುರಾಳಿಯ ಬಲ, ಪಿಚ್‌ನ ಗುಣ, ತಂಡದ ಮೊತ್ತದಲ್ಲಿ ಪಾಲು, ಪಂದ್ಯದ ಫಲಿತಾಂಶ ಇವುಗಳನ್ನು ತೂಗಿದ ಪಟ್ಟಿ ಅದು. ಶತಕಗಳ ಪಟ್ಟಿಯಲ್ಲಿ ಆ ಇನಿಂಗ್ಸ್‌ಗೆ ಜಾಗವೇ ಇಲ್ಲ.

ದೊಡ್ಡ ಅಂಕಿ, ಸಣ್ಣ ಅಂಕಿ

ನಾಲ್ಕು ವರ್ಷದ ನಂತರ, 1978–79ರಲ್ಲಿ, ವೆಸ್ಟ್ ಇಂಡೀಸ್ ಮತ್ತೆ ಬಂತು. ಈ ಸಲ ವಿಶ್ವನಾಥ್ 497 ರನ್ ಗಳಿಸಿದರು, ಸರಾಸರಿ 71.00. ಬರಿಗಣ್ಣಿಗೆ ಇದು 63.11ಕ್ಕಿಂತ ದೊಡ್ಡದು. ಆದರೆ ಆ ತಂಡದ ಪ್ರಮುಖ ಆಟಗಾರರಲ್ಲಿ ಬಹುಪಾಲು ಜನ ಕೆರಿ ಪ್ಯಾಕರ್ ಅವರ ಖಾಸಗಿ ಸರಣಿಗೆ ಹೋಗಿದ್ದರು. ಗಾವಸ್ಕರ್ ಅದೇ ಸರಣಿಯಲ್ಲಿ 91.50ರಂತೆ 732 ರನ್ ಹೊಡೆದರು. ಭಾರತ ದೆಹಲಿಯಲ್ಲಿ 8 ವಿಕೆಟ್‌ಗೆ 566, ಕಾನ್ಪುರದಲ್ಲಿ 7 ವಿಕೆಟ್‌ಗೆ 644 ಗಳಿಸಿತು. ಎಲ್ಲರೂ ರನ್ ಗಳಿಸಿದಾಗ ಬಂದ 71, ಯಾರೂ ಗಳಿಸದಿದ್ದಾಗ ಬಂದ 63ರ ಕೆಳಗೇ ನಿಲ್ಲಬೇಕು.

ಆ ಸರಣಿಯ ಒಂದು ಪಂದ್ಯವನ್ನು ಮಾತ್ರ ಬೇರೆಯಾಗಿ ತೆಗೆದಿಡಬೇಕು. ಮತ್ತೆ ಮದರಾಸು, ಮತ್ತೆ ಪುಟಿಯುವ ಪಿಚ್. ಭಾರತದ ಮೊದಲ ಇನಿಂಗ್ಸ್ 255, ಅದರಲ್ಲಿ ವಿಶ್ವನಾಥ್ 124. ಭಾರತ 3 ವಿಕೆಟ್‌ಗಳಿಂದ ಗೆದ್ದಿತು. ಆರು ಟೆಸ್ಟ್‌ಗಳ ಆ ಸರಣಿಯಲ್ಲಿ ಫಲಿತಾಂಶ ಕಂಡದ್ದು ಅದೊಂದೇ. 1981ರ ಫೆಬ್ರುವರಿಯಲ್ಲಿ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾದ ವೇಗಿ ಲಿಲಿ ಎದುರು ಇದೇ ಕಥೆ: ಭಾರತ 237, ವಿಶ್ವನಾಥ್ 114. ಕೊನೆಯಲ್ಲಿ ಕಪಿಲ್ ದೇವ್ 28 ರನ್ನಿಗೆ 5 ವಿಕೆಟ್ ಪಡೆದು ಆಸ್ಟ್ರೇಲಿಯಾವನ್ನು 83ಕ್ಕೆ ಉರುಳಿಸಿದ್ದು ಎಲ್ಲರ ನೆನಪಿನಲ್ಲಿದೆ. ಮೊದಲ ದಿನ ವಿಶ್ವನಾಥ್ ನಿಲ್ಲದಿದ್ದರೆ ಕಪಿಲ್‌ಗೆ ಕಾಯಲು ಮೊತ್ತವೇ ಇರುತ್ತಿರಲಿಲ್ಲ.

ಮದರಾಸಿನ ಮೂರನೆಯ ನೆನಪು 1982ರ ಜನವರಿಯ 222. ಯಶ್‌ಪಾಲ್ ಶರ್ಮ ಜೊತೆ ಅವರು ಒಂದು ದಿನವಿಡೀ ವಿಕೆಟ್ ಬೀಳಗೊಡದೆ ಆಡಿದರು. ಜೊತೆಯಾಟ 316 ರನ್ನಿನದು. ಭಾರತ 4 ವಿಕೆಟ್‌ಗೆ 481 ಗಳಿಸಿ ಡಿಕ್ಲೇರ್ ಮಾಡಿತು, ಪಂದ್ಯ ಡ್ರಾ ಆಯಿತು. ದಾಖಲೆ ಪುಸ್ತಕದಲ್ಲಿ ಇದೇ ಅವರ ಗರಿಷ್ಠ ಮೊತ್ತ. ಬ್ಯಾಟಿಂಗ್‌ಗೆ ಹೇಳಿ ಮಾಡಿಸಿದ ಪಿಚ್ ಮೇಲಿನ 222ನ್ನೂ ರಾಬರ್ಟ್ಸ್ ಎದುರಿನ 97ನ್ನೂ ಸರಾಸರಿ ರನ್ನಿಗೆ ರನ್ ಎಂದು ಕೂಡಿಸುತ್ತದೆ, ಎರಡರ ನಡುವಿನ ದೂರವನ್ನು ಅಳೆಯುವುದಿಲ್ಲ.

ಅವರ 14 ಶತಕಗಳ ಫಲಿತಾಂಶವೂ ಗಮನಕ್ಕೆ ಬರಬೇಕು. ಕಲ್ಕತ್ತ (1974–75), ಪೋರ್ಟ್ ಆಫ್ ಸ್ಪೇನ್ (1976), ಮದರಾಸು (1979), ಮೆಲ್ಬರ್ನ್ (1981) ಇವು ನಾಲ್ಕು ಗೆಲುವುಗಳು. ಉಳಿದ ಹತ್ತು ಡ್ರಾ. ವಿಶ್ವನಾಥ್ ಶತಕ ಹೊಡೆದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ಪೋರ್ಟ್ ಆಫ್ ಸ್ಪೇನ್‌ನಲ್ಲಿ 403ರ ಗುರಿಯನ್ನು 4 ವಿಕೆಟ್‌ಗೆ ಮುಟ್ಟಿದಾಗ ಗಾವಸ್ಕರ್ 102, ವಿಶ್ವನಾಥ್ 112. 1979ರ ಲಾರ್ಡ್ಸ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ 96ಕ್ಕೆ ಕುಸಿದಿದ್ದ ತಂಡವನ್ನು ವೆಂಗ್‌ಸರ್ಕರ್ (103) ಜೊತೆ ಸೇರಿ 113 ಹೊಡೆದು ಉಳಿಸಿದ್ದೂ ಈ ಹತ್ತು ಡ್ರಾಗಳಲ್ಲಿ ಒಂದು.

ಔಟಾಗದೆ ಉಳಿದ ಲೆಕ್ಕ

155 ಇನಿಂಗ್ಸ್‌ಗಳಲ್ಲಿ ವಿಶ್ವನಾಥ್ ಔಟಾಗದೆ ಉಳಿದದ್ದು 10 ಸಲ ಮಾತ್ರ. ರನ್ನನ್ನು ಇನಿಂಗ್ಸ್‌ಗಳಿಂದಲೇ ಭಾಗಿಸಿದರೆ ಬರುವುದು 39.23, ಅಜೇಯ ಇನಿಂಗ್ಸ್‌ಗಳಿಂದ ಅವರ ಸರಾಸರಿಗೆ ದೊರೆತ ಲಾಭ ಮೂರು ರನ್ನಿಗೂ ಕಡಿಮೆ. ಆಸ್ಟ್ರೇಲಿಯಾದ ಸ್ಟೀವ್ ವಾ 260 ಇನಿಂಗ್ಸ್‌ಗಳಲ್ಲಿ 46 ಸಲ ಅಜೇಯರು. ಅವರ ಸರಾಸರಿ 51.06, ಇನಿಂಗ್ಸ್‌ಗೆ 42.03. ಅಲನ್ ಬಾರ್ಡರ್ 50.56, ಇನಿಂಗ್ಸ್‌ಗೆ 42.17. ಸರಾಸರಿಯಲ್ಲಿ ಒಂಬತ್ತು ರನ್ ದೂರ ಕಾಣುವ ಸ್ಟೀವ್ ವಾ, ಒಂದು ಇನಿಂಗ್ಸ್‌ಗೆ ತಂಡಕ್ಕೆ ಕೊಟ್ಟ ರನ್ನಿನಲ್ಲಿ ವಿಶ್ವನಾಥ್‌ಗಿಂತ ಮುಂದಿರುವುದು ಮೂರೇ ರನ್ನಿನಷ್ಟು. ಐದನೆಯ, ಆರನೆಯ ಕ್ರಮಾಂಕದಲ್ಲಿ ಆಡುವವರಿಗೆ ಅಜೇಯರಾಗಿ ಉಳಿಯುವ ಅವಕಾಶ ಹೆಚ್ಚು. ವಿಶ್ವನಾಥ್ ಆಡಿದ್ದು ಬಹುಪಾಲು ನಾಲ್ಕರಲ್ಲಿ. ಅವರ ಹಿಂದಿದ್ದ ಬಾಲವಂತೂ ಬಹಳ ದುರ್ಬಲ: ಪ್ರಸನ್ನ 11.48, ಬೇಡಿ 8.98, ಚಂದ್ರಶೇಖರ್ 4.07. ಚಂದ್ರಶೇಖರ್ ಪಡೆದ 242 ವಿಕೆಟ್‌ಗಳಿಗಿಂತ ಗಳಿಸಿದ 167 ರನ್ನೇ ಕಡಿಮೆ. ಈ ಬಾಲದೊಂದಿಗೆ ಇನಿಂಗ್ಸ್ ಬೆಳೆಸುವುದೆಂದರೆ ಅಪಾಯದ ಹೊಡೆತಗಳಿಗೆ ಕೈಹಾಕುವುದೇ.

ಸರಾಸರಿಗೆ ಹೊರಗಿನದು

1980ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ನಡೆದ, ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್‌ನಲ್ಲಿ ವಿಶ್ವನಾಥ್ ನಾಯಕರು. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡ ಮೇಲೆ ಬಾಥಮ್ ಮತ್ತು ಬಾಬ್ ಟೇಲರ್ ಜೊತೆಯಾದರು. ವಿಕೆಟ್ ಹಿಂದೆ ಕ್ಯಾಚ್ ಎಂದು ಅಂಪೈರ್ ಟೇಲರ್‌ಗೆ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನವರಿಕೆಯಾದ ವಿಶ್ವನಾಥ್ ಅವರನ್ನು ವಾಪಸು ಕರೆದರು. ಜೊತೆಯಾಟ 171ಕ್ಕೆ ಬೆಳೆಯಿತು. ಬಾಥಮ್ 114 ರನ್ ಹೊಡೆದು 13 ವಿಕೆಟ್ ಪಡೆದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ನಾಯಕರಾಗಿ ಆಡಿದ ಎರಡು ಟೆಸ್ಟ್‌ಗಳಲ್ಲಿ ಇದು ಎರಡನೆಯದು. ಆ ನಿರ್ಧಾರಕ್ಕೆ ಅವರು ಎಂದೂ ಮರುಗಲಿಲ್ಲ, ಮರುಗಬೇಕಾದದ್ದೂ ಇರಲಿಲ್ಲ.

ಏಕದಿನ ಪಂದ್ಯಗಳಲ್ಲಿ ಅವರ ಅಂಕಿ ಸಣ್ಣದು: 25 ಪಂದ್ಯ, 439 ರನ್, 19.95. ಗರಿಷ್ಠ ಮೊತ್ತ 75 ಬಂದದ್ದು 1979ರ ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ. 1982–83ರ ಪಾಕಿಸ್ತಾನ ಪ್ರವಾಸದಲ್ಲಿ ಇಮ್ರಾನ್ ಖಾನ್ ಆರು ಟೆಸ್ಟ್‌ಗಳಲ್ಲಿ 40 ವಿಕೆಟ್ ಪಡೆದರು. ವಿಶ್ವನಾಥ್ ಅಲ್ಲಿ ನೆಲೆ ಕಾಣಲಿಲ್ಲ, ಸರಾಸರಿಯೂ ಇಳಿಯಿತು. ಕರಾಚಿಯ ಟೆಸ್ಟ್ ಅವರ ಕೊನೆಯದಾಯಿತು. ಮುಂದೆ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾಗಿ, ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ ಕೆಲಸ ಮಾಡಿದರು. 2022ರಲ್ಲಿ ಆತ್ಮಕಥೆ ಪ್ರಕಟವಾಯಿತು.

ನಂತರದ ಪೀಳಿಗೆಯೊಂದಿಗೆ ಹೋಲಿಕೆ

ಕರ್ನಾಟಕದ ಇನ್ನೊಬ್ಬ ಮಹಾನ್ ಬ್ಯಾಟ್ಸ್‌ಮನ್ ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13,288 ರನ್ ಗಳಿಸಿದರು, ಸರಾಸರಿ 52.31. ಹತ್ತು ರನ್ನಿನ ಅಂತರ ಕಂಡು ಇಬ್ಬರಲ್ಲಿ ಯಾರು ದೊಡ್ಡವರೆಂದು ತೀರ್ಪು ಕೊಡುವವರು ಇಬ್ಬರ ಜೊತೆಗಾರರನ್ನೂ ನೋಡಬೇಕು. ದ್ರಾವಿಡ್ ಜೊತೆ ಆಡಿದ ತೆಂಡೂಲ್ಕರ್ 53.78, ಸೆಹ್ವಾಗ್ 49.34, ಲಕ್ಷ್ಮಣ್ 45.97, ಗಂಗೂಲಿ 42.17. ದ್ರಾವಿಡ್ ಇದ್ದದ್ದು ತುಂಬಿದ ಮನೆಯಲ್ಲಿ, ಅಲ್ಲಿಯೂ ಅವರು ಮೇಲಿನ ಸಾಲಿನವರು. ಗಂಗೂಲಿ ಅವರ 42.17ಕ್ಕೂ ವಿಶ್ವನಾಥ್ ಅವರ 41.93ಕ್ಕೂ ಅಂಕಿಯಲ್ಲಿ ಕಾಲು ರನ್ನಿನ ವ್ಯತ್ಯಾಸ. ಒಂದು ತನ್ನ ಕಾಲದ ಐವರಲ್ಲಿ ಕೊನೆಯದು. ಇನ್ನೊಂದು, ಮೂವತ್ತರ ಆಚೀಚೆ ನಿಂತ ಜೊತೆಗಾರರ ನಡುವೆ, ಗಾವಸ್ಕರ್ ನಂತರ ವೆಂಗ್‌ಸರ್ಕರ್, ಮೊಹಿಂದರ್ ಅವರ ಸಮಕ್ಕೆ ನಿಂತ ಅಂಕಿ. 1974–75ರಲ್ಲಂತೂ ಅದರ ಒಡೆಯನ ಸಮಕ್ಕೆ ತಂಡದಲ್ಲಿ ಯಾರೂ ಇರಲಿಲ್ಲ.